ಹಳೆಯ ಮಾತ್ರೆ ಚೀಟಿಯೂ ಹಾರಾಟದ ಮೆಡಿಕಲ್ಲೂ

ಸಾಗರದಿಂದ ಹೊರಟು ಅಮೆರಿಕಕ್ಕೆ ಬಂದು ನಿಮಗಿನ್ನೂ ಎರಡು ವಾರವಾಗಿಲ್ಲ. ಮುಂದಿನ ತಿಂಗಳು ಹಾರಾಟದ ತರಬೇತಿ ಆರಂಭವಾಗುತ್ತದೆ. ಪಿಯುಸಿಯಲ್ಲಿದ್ದಾಗ ಆತಂಕದ ಕಾಯಿಲೆಗೆ ಹತ್ತು ತಿಂಗಳು ಎಸಿಟಲೋಪ್ರಾಮ್ ಮಾತ್ರೆ ನುಂಗಿ, ನಾಲ್ಕು ವರ್ಷದ ಹಿಂದೆಯೇ ನಿಲ್ಲಿಸಿದ್ದನ್ನು ಮೆಡಿಕಲ್, ಅಂದರೆ ಪೈಲಟ್‌ಗೆ ಬೇಕಾದ ಆರೋಗ್ಯ ಪ್ರಮಾಣಪತ್ರದ ಅರ್ಜಿಯಲ್ಲಿ ಬರೆಯಬೇಕೇ ಎಂದು ಕೇಳಿದ್ದೀರಿ. "ಶಿವಮೊಗ್ಗದ ಡಾಕ್ಟರ್ ಚೀಟಿ ಅಲ್ಲಿಯವರಿಗೆ ಹೇಗೆ ಗೊತ್ತಾಗುತ್ತೆ, ಸುಮ್ಮನೆ ಇಲ್ಲ ಅಂತ ಹಾಕು" ಎಂದು ನಿಮ್ಮ ಸೋದರಮಾವ ಹೇಳಿದ್ದನ್ನೂ ತಿಳಿಸಿದ್ದೀರಿ. ನನ್ನನ್ನು ಅಣ್ಣ ಎಂದು ಕರೆದಿರುವುದರಿಂದ ನೇರವಾಗಿಯೇ ಹೇಳುತ್ತೇನೆ. ಬರೆಯಲೇಬೇಕು, ಆದರೆ ಕಾಗದಪತ್ರ ಕೈಗೆ ಬರುವ ಮುನ್ನ ಪರೀಕ್ಷೆಗೆ ಹೋಗಿ ಕೂರಬಾರದು.

ಮಾವನವರ ಸಲಹೆಯ ಹಿಂದೆ ಪ್ರೀತಿಯಿದೆ, ಆದರೆ ಅರ್ಜಿಯ ಮಾತೇ ಬೇರೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ಅರ್ಜಿಯ 18ನೆಯ ಪ್ರಶ್ನೆ ಕಳೆದ ವರ್ಷದ ಆರೋಗ್ಯವನ್ನಲ್ಲ, ಇಡೀ ಜೀವಮಾನದ್ದನ್ನು ಕೇಳುತ್ತದೆ, ಮತ್ತು ಖಿನ್ನತೆ, ಆತಂಕ ಮುಂತಾದ ಯಾವುದೇ ಮಾನಸಿಕ ತೊಂದರೆ ಅದರಲ್ಲಿ ಸೇರುತ್ತದೆ. ತಿಳಿದೂ ಸುಳ್ಳು ಬರೆದರೆ 5 ವರ್ಷದವರೆಗೆ ಸೆರೆವಾಸ, 2,50,000 ಡಾಲರ್‌ವರೆಗೆ ದಂಡ ಎಂಬ ಎಚ್ಚರಿಕೆ ಅರ್ಜಿಯಲ್ಲಿಯೇ ಅಚ್ಚಾಗಿದೆ; ಗಳಿಸಿದ ಲೈಸೆನ್ಸ್‌ಗಳೂ ಹೋಗಬಹುದು. ಇಲ್ಲಿ ಪರದೇಶಿಯಾಗಿ ವೀಸಾದ ಮೇಲೆ ಇರುವವರಿಗೆ ಇಂತಹದೊಂದು ಕಳಂಕ ಎಷ್ಟು ದುಬಾರಿ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಿಂದೆ ಆತಂಕದ ಕಾಯಿಲೆ ಇತ್ತೆಂಬ ಒಂದೇ ಕಾರಣಕ್ಕೆ ನಿಮ್ಮ ದಾರಿ ಮುಚ್ಚುವುದಿಲ್ಲ. ಎಫ್‌ಎಎ ನಿಯಮಾವಳಿಯ 67ನೆಯ ಭಾಗ ನೇರವಾಗಿ ಅನರ್ಹವೆಂದು ಹೆಸರಿಸುವ ಮಾನಸಿಕ ಸ್ಥಿತಿಗಳಲ್ಲಿ ಸೈಕೋಸಿಸ್, ಬೈಪೋಲಾರ್ ಕಾಯಿಲೆ ಇತ್ಯಾದಿ ಇವೆ. ಅವುಗಳಿಗೂ ವಿಶೇಷ ಅನುಮತಿ ಕೋರುವ ದಾರಿಯುಂಟು, ಸಿಗುವುದು ಕಷ್ಟ. ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ: 2010ರಲ್ಲಿ ಫ್ಲೂಆಕ್ಸೆಟಿನ್, ಸರ್ಟ್ರಾಲಿನ್, ಸಿಟಲೋಪ್ರಾಮ್ ಮತ್ತು ನೀವು ನುಂಗಿದ ಎಸಿಟಲೋಪ್ರಾಮ್‌ಗೆ ಷರತ್ತಿನೊಡನೆ ಅವಕಾಶ ಕೊಟ್ಟರು. ಅದರ ಪರೀಕ್ಷೆಗಳಿಗೆ ಸಾವಿರಾರು ಡಾಲರ್ ಕೈಯಿಂದ ಕಟ್ಟಬೇಕಾಗಬಹುದು. ನೀವು ಮಾತ್ರೆ ಬಿಟ್ಟು ನಾಲ್ಕು ವರ್ಷವಾಗಿರುವುದು ನಿಮ್ಮ ಪರವಾದ ಸಂಗತಿ. ಆದರೆ ಅದನ್ನು ದಿನಾಂಕಸಮೇತ ತೋರಿಸಬೇಕು.

ನಾನು ಎಡವಿದ್ದು ಇಲ್ಲೇ. ಅಪ್ಪ ತೀರಿಕೊಂಡ ವರ್ಷ, ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ಮಳೆಗಾಲವಿಡೀ ನನಗೆ ನಿದ್ದೆ ಬರದೆ, ಶಿವಮೊಗ್ಗದಲ್ಲಿ ತೋರಿಸಿ ಎಂಟು ತಿಂಗಳು ಮಾತ್ರೆ ತೆಗೆದುಕೊಂಡಿದ್ದೆ. ಮನೆಯವರು ಅದನ್ನು ನರದ ದೌರ್ಬಲ್ಯವೆಂದೇ ನೆಂಟರಿಗೆ ಹೇಳುತ್ತಿದ್ದರು. ವರ್ಷಗಳ ನಂತರ ಇಲ್ಲಿ ಖಾಸಗಿ ಪೈಲಟ್ ಆಗುವ ಆಸೆಯಿಂದ ಎಲ್ಲವನ್ನೂ ಪ್ರಾಮಾಣಿಕವಾಗಿ ಬರೆದು, ಒಂದು ಕಾಗದವೂ ಇಲ್ಲದೆ ಪರೀಕ್ಷಕರ, ಅಂದರೆ ಎಫ್‌ಎಎ ನೇಮಿಸಿದ ವೈದ್ಯರ ಮುಂದೆ ಕುಳಿತೆ. ಅವರು ತೀರ್ಮಾನ ಕೊಡದೆ ಕಡತವನ್ನು ಓಕ್ಲಹೋಮಾ ಸಿಟಿಯಲ್ಲಿರುವ ಎಫ್‌ಎಎ ವೈದ್ಯಕೀಯ ಕಚೇರಿಗೆ ಕಳಿಸಿದರು. ಅಲ್ಲಿಂದ ಚಿಕಿತ್ಸೆಯ ದಾಖಲೆ ಕೇಳಿ ಪತ್ರ ಬಂತು. ನಮ್ಮಲ್ಲಿ ಆಸ್ಪತ್ರೆಯ ಕಡತ ಹೆಚ್ಚಾಗಿ ರೋಗಿಯ ಕೈಯಲ್ಲೇ ಉಳಿಯುತ್ತದೆಯಲ್ಲವೇ? ನಾನು ತೋರಿಸಿಕೊಂಡಿದ್ದ ಕ್ಲಿನಿಕ್ಕಿನಲ್ಲಿ ಏನೂ ಇರಲಿಲ್ಲ. ಕೊನೆಗೆ ತಮ್ಮ ಅಟ್ಟ ಹತ್ತಿ, ಅಡಿಕೆ ಮಂಡಿಯ ಚೀಟಿಗಳ ನಡುವೆ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಐದು ಚೀಟಿಗಳನ್ನು ಪತ್ತೆ ಮಾಡಿದ. ಮಡಿಕೆಯಲ್ಲಿ ಹರಿದಿದ್ದ ಒಂದು ಚೀಟಿಯ ತಾರೀಖು ನೀರು ಬಿದ್ದು ಕದಡಿಹೋಗಿತ್ತು. ಅದೊಂದು ತಾರೀಖನ್ನು ವೈದ್ಯರಿಂದ ಮತ್ತೆ ಬರೆಸಿಕೊಳ್ಳಲು ಎರಡು ತಿಂಗಳು ಹಿಡಿಯಿತು.

ನಾನು ಹವ್ಯಾಸಕ್ಕಾಗಿ ಕಲಿಯುತ್ತಿದ್ದವನು, ಕಾಯಬಲ್ಲೆ; ನೀವು ವೃತ್ತಿ ತರಬೇತಿಯ ವಿದ್ಯಾರ್ಥಿಗಳಿಗೆ ಕೊಡುವ ಎಂ-1 ವೀಸಾದಲ್ಲಿ ಬಂದವರು, ನಿಮ್ಮ ವಾಸದ ಅವಧಿ ಒಮ್ಮೆಗೆ ಒಂದು ವರ್ಷ ಮೀರುವುದಿಲ್ಲ. ಮೆಡಿಕಲ್ ಇಲ್ಲದೆಯೂ ಶಿಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಮಾನ ಹಾರಿಸಬಹುದು, ಆದರೆ ಒಂಟಿಯಾಗಿ ಹಾರುವಂತಿಲ್ಲ. ಕಡತ ತೂಗಾಡುತ್ತಿರುವಾಗ ಶುಲ್ಕವೂ ದಿನಗಳೂ ಕರಗುತ್ತವೆ.

ಆದ್ದರಿಂದ ಎಫ್‌ಎಎಯ ಆನ್‌ಲೈನ್ ಅರ್ಜಿ ತಾಣವಾದ ಮೆಡ್‌ಎಕ್ಸ್‌ಪ್ರೆಸ್‌ನಲ್ಲಿ ಅರ್ಜಿ ತುಂಬಿದ ಕೂಡಲೇ ಅದರ ದೃಢೀಕರಣ ಸಂಖ್ಯೆಯನ್ನು ಪರೀಕ್ಷಕರಿಗೆ ಕೊಟ್ಟುಬಿಡಬೇಡಿ. ಅವರು ಅರ್ಜಿ ತೆರೆದು ಪರೀಕ್ಷೆ ಆರಂಭಿಸಿದ ಮೇಲೆ ಹಿಂದೆ ಸರಿಯಲಾಗುವುದಿಲ್ಲ. ಮೊದಲು ಅದೇ ಪರೀಕ್ಷಕರ ಸಲಹೆಯನ್ನಷ್ಟೇ ಕೇಳಿ, ನಿಮ್ಮ ಪ್ರಕರಣಕ್ಕೆ ಯಾವ ಯಾವ ದಾಖಲೆ ಬೇಕೆಂದು ಬರೆದುಕೊಳ್ಳಿ. ಶಿವಮೊಗ್ಗದ ವೈದ್ಯರಿಂದ ಇಂಗ್ಲಿಷಿನಲ್ಲಿ ಪತ್ರ ಬರೆಸಿ ತರಿಸಿಕೊಳ್ಳಿ: ಕಾಯಿಲೆಯ ಹೆಸರು, ಮಾತ್ರೆಯ ಪ್ರಮಾಣ, ಆರಂಭಿಸಿದ ಮತ್ತು ನಿಲ್ಲಿಸಿದ ದಿನ, ಆಸ್ಪತ್ರೆ ಸೇರಿದ್ದಿರೋ ಇಲ್ಲವೋ, ಜೀವ ತೆಗೆದುಕೊಳ್ಳುವ ಯೋಚನೆ ಬಂದಿತ್ತೋ ಇಲ್ಲವೋ. ಈ ಕೊನೆಯದನ್ನು ನಮ್ಮ ಕಡೆಯ ವೈದ್ಯರು ಸಂಕೋಚದಿಂದ ಬಿಟ್ಟುಬಿಡುತ್ತಾರೆ, ಕೇಳಿ ಬರೆಸಿ.

ಭಾರತಕ್ಕೆ ಮರಳಿ ವಿಮಾನ ಸಂಸ್ಥೆ ಸೇರುವ ಯೋಚನೆಯಿದ್ದರೆ ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಯ ಮೆಡಿಕಲ್ ಪ್ರತ್ಯೇಕವಾಗಿ ಆಗಬೇಕು. ಅದಕ್ಕೂ ಇದೇ ಕಾಗದಗಳು ಬೇಕಾಗಬಹುದು. ಎರಡೂ ಕಡೆ ಒಂದೇ ವಿವರ ಕೊಡಿ.

ಇಂದೇ ಅಮ್ಮನಿಗೆ ಫೋನ್ ಮಾಡಿ, ಚೀಟಿಗಳನ್ನು ಹುಡುಕಿ ಎರಡೂ ಬದಿಯ ಫೋಟೊ ತೆಗೆದು ಕಳಿಸಲು ಹೇಳಿ. ಸಾಗರದಲ್ಲಿ ಮಳೆ ಹಿಡಿದರೆ ಅಟ್ಟದ ಕಾಗದಕ್ಕೆ ಬೂಷ್ಟು ಹತ್ತಲು ಹೆಚ್ಚು ದಿನ ಬೇಕಾಗುವುದಿಲ್ಲ.