ಐದನೇ ಪುಟದಿಂದ ಶುರು ಮಾಡಿ

ನಮಸ್ಕಾರ. ಹವಾಮಾನ ಮತ್ತು ಬಾಹ್ಯಾಕಾಶದಲ್ಲಿ ಬಡ ದೇಶಗಳಿಗೆ ಆಗುವ ಅನ್ಯಾಯದ ಬಗ್ಗೆ ನೀವು ಅಫಜಲಪುರದಿಂದ ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ.

ಮೊದಲ ನಾಲ್ಕು ಪುಟ ಬರೀ ಸಿಟ್ಟು. 'ಬಲಾಢ್ಯ ದೇಶಗಳು ದೋಚುತ್ತಿವೆ' ಅಂತೀರಿ. ಹೇಗೆ ಅಂತ ಎಲ್ಲೂ ತೋರಿಸಿಲ್ಲ. ಐದನೇ ಪುಟದಲ್ಲಿ ಒಂದೇ ಸಾಲಿನಲ್ಲಿ 1976ರ ಬೊಗೋಟಾ ಘೋಷಣೆ ಬಂದು ಹೋಗುತ್ತದೆ. ಲೇಖನದ ಜೀವ ಅಲ್ಲೇ ಇದೆ, ಅದನ್ನು ಬಿಡಿಸಿ ಹೇಳಿ. ಭೂಮಧ್ಯರೇಖೆಯ ಮೇಲೆ, ಸುಮಾರು 35,786 ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿಟ್ಟ ಉಪಗ್ರಹ ನೆಲದಿಂದ ನೋಡಿದರೆ ಕದಲದೆ ನಿಂತಂತಿರುತ್ತದೆ. ಟಿವಿಗೂ ಮಳೆ ಮುನ್ಸೂಚನೆಗೂ ಅದು ಬೇಕು. ಅಲ್ಲಿ ಜಾಗ ಕಡಿಮೆ. ಆ ಜಾಗ, ತರಂಗಾಂತರಗಳ ಹಂಚಿಕೆ ನೋಡಿಕೊಳ್ಳುವ ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಲ್ಲಿ ಮೊದಲು ಅರ್ಜಿ ಹಾಕಿದವರಿಗೇ ಆದ್ಯತೆ ಸಿಗುತ್ತಿತ್ತು. ರಾಕೆಟ್ಟೇ ಇಲ್ಲದ ದೇಶ ಏನು ಮಾಡಬೇಕು? ಕೊಲಂಬಿಯಾ, ಕೀನ್ಯಾ, ಇಂಡೋನೇಷ್ಯಾ ಸೇರಿ ಭೂಮಧ್ಯರೇಖೆಯ ಎಂಟು ದೇಶಗಳು ಆ ಕಕ್ಷೆಯಲ್ಲಿ ತಮ್ಮ ನೆತ್ತಿಯ ಮೇಲಿನ ಪಾಲು ತಮ್ಮದು ಎಂದವು. ಅದೇ ಬೊಗೋಟಾ ಘೋಷಣೆ. 1967ರ ಒಪ್ಪಂದದ ಪ್ರಕಾರ ಬಾಹ್ಯಾಕಾಶಕ್ಕೆ ಯಾವ ದೇಶವೂ ಒಡೆತನ ಹೇಳುವಂತಿಲ್ಲ. ಹಾಗಾಗಿ ಅವರ ವಾದ ನಿಲ್ಲಲಿಲ್ಲ. ಆದರೆ ಅದರ ಬಳಕೆ ಎಲ್ಲ ದೇಶಗಳ ಒಳಿತಿಗೆ ಎಂದೂ ಅದೇ ಒಪ್ಪಂದದಲ್ಲಿದೆ. 1988ರಲ್ಲಿ ಕೆಲವು ತರಂಗಾಂತರಗಳಲ್ಲಾದರೂ ಪ್ರತಿ ದೇಶಕ್ಕೆ ಒಂದು ಜಾಗ ಕಾದಿರಿಸುವ ಯೋಜನೆ ಆಯಿತು. ಈ ಜಗ್ಗಾಟವೇ ನಿಮ್ಮ ಕಥೆ.

ಆ ಎಂಟರಲ್ಲಿ ಭಾರತವನ್ನೂ ಸೇರಿಸಿದ್ದೀರಿ, ತಪ್ಪು. ಭೂಮಧ್ಯರೇಖೆ ನಮ್ಮ ನೆಲದ ಮೇಲೆ ಹಾಯುವುದೇ ಇಲ್ಲ. ಭಾರತವನ್ನು ಬರೀ ನೊಂದವರ ಸಾಲಿನಲ್ಲಿ ನಿಲ್ಲಿಸಿದ್ದೂ ಸರಿಯಲ್ಲ. ಚಂದ್ರನ ಸಂಪತ್ತು ಎಲ್ಲರದ್ದು ಎನ್ನುವ 1979ರ ಒಪ್ಪಂದಕ್ಕೆ ಸಹಿ ಹಾಕಿ, ಅನುಮೋದಿಸದೆ ಬಿಟ್ಟಿದ್ದೇವೆ. 2023ರಲ್ಲಿ, ಚಂದ್ರನ ಸಂಪತ್ತನ್ನು ತೆಗೆದು ಬಳಸಬಹುದು ಎನ್ನುವ, ಅಮೆರಿಕ ಮುಂದೆ ನಿಂತ ಆರ್ಟೆಮಿಸ್ ಒಪ್ಪಂದ ಸೇರಿದ್ದೇವೆ. ಇದನ್ನು ಮುಚ್ಚಿಟ್ಟರೆ ಓದುವವರು ನಂಬುವುದಿಲ್ಲ, ಅಲ್ವಾ?

ಭೀಮಾ ಹೊಳೆಯ ಪ್ಯಾರಾ ಮಾತ್ರ ಮುಟ್ಟಬೇಡಿ. 2020ರ ಅಕ್ಟೋಬರ್‌ನಲ್ಲಿ ಹೊಲದಲ್ಲಿ ನೀರು ನಿಂತು, ಎಳೆದ ತೊಗರಿ ಗಿಡ ಕೊಳೆತ ಬೇರಿನ ಸಮೇತ ಕೈಗೆ ಬಂತು ಎಂದು ಬರೆದಿದ್ದೀರಿ. ಬಹಳ ಚೆನ್ನಾಗಿದೆ. ಆ ಮಳೆಗೆ ಹವಾಮಾನ ಬದಲಾವಣೆಯೇ ಕಾರಣ ಎಂದು ಸುಮ್ನೆ ತೀರ್ಪು ಕೊಡಬೇಡಿ. ಪಕ್ಕದಲ್ಲಿ ಇದನ್ನಿಡಿ: ಹವಾಮಾನ ಬದಲಾವಣೆ ಎದುರಿಸಲು ಬಡ ದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಹೊಂದಿಸುತ್ತೇವೆ ಎಂದು ಶ್ರೀಮಂತ ದೇಶಗಳು 2009ರಲ್ಲಿ ಮಾತು ಕೊಟ್ಟಿದ್ದವು. ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಅದರಲ್ಲೂ ಸಾಲವೇ ಜಾಸ್ತಿ.

ಎರಡು ಸಾವಿರ ಪದ ಸಾಕು. ತೊಗರಿ ರಾಶಿ ಮುಗಿಯುವುದರೊಳಗೆ ಕಳಿಸಿ, ನಾನೇ ಕೂತು ಓದುತ್ತೇನೆ.