ಜಾಲರಿ ಹರಿದಿಲ್ಲ, ಹಕ್ಕಿ ಮಾತ್ರ ಹೋದ್ವು!

ಓದುಗರ ಪತ್ರ: ಶಿರಸಿ ಹತ್ರ ತೋಟದ ಮನೆ ನಮ್ದು. ಅಂಗಳದಲ್ಲಿ ಒಂದಿಂಚಿನ ಕೋಳಿ ಜಾಲರಿ ಹಾಕಿ ದೊಡ್ಡ ಗೂಡು ಮಾಡಿ ಬಡ್ಜಿ, ಕಾಕಟೀಲ್ ಅನ್ನೋ ಸಣ್ಣ ಸಾಕುಗಿಳಿಗಳನ್ನ ಬಿಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದ್ರೆ ಎರಡು ಬಡ್ಜಿ ಕಾಲಿಲ್ಲದೆ ಸತ್ತು ಬಿದ್ದಿದ್ವು, ಇನ್ನೊಂದು ಪತ್ತೆನೇ ಇಲ್ಲ. ಜಾಲರಿ ಎಲ್ಲೂ ಹರಿದಿಲ್ಲ. ಇನ್ನೂ ದಪ್ಪಂದು ಹಾಕ್ಸಿದ್ರೆ ಸಾಕಾ? ಪಕ್ಕದವ್ರು ಮರ ಕಡಿದಾಗ ಸಿಕ್ಕ ಗಿಣಿ ಮರಿ ತಂದುಕೊಟ್ಟಿದಾರೆ, ಅದನ್ನೂ ಇದ್ರಲ್ಲೇ ಬಿಡಬಹುದಾ?

ಸಂಪಾದಕರ ಉತ್ತರ: ಬರೀ ದಪ್ಪ ಜಾಲರಿ ಸಾಕಾಗಲ್ಲ. ನೀವು ಬರೆದಿದ್ದು ನೋಡಿದ್ರೆ ಇದು ಎರಡು ಬೇರೆ ಬೇರೆ ಪ್ರಾಣಿ ಕೆಲಸ ಅನ್ಸತ್ತೆ. ಕಾಲು ಹೋಗಿರೋದು ಹೊರಗಿಂದ. ರಾತ್ರಿ ಬೆಕ್ಕೋ ಕಬ್ಬೆಕ್ಕೋ ಗೂಡಿನ ಮೇಲೆ ಹಾರತ್ತೆ, ಕತ್ತಲಲ್ಲಿ ದಿಕ್ಕು ಕಾಣದ ಹಕ್ಕಿ ಗಾಬರಿ ಬಿದ್ದು ಹಾರಿ ಬಂದು ಅದೇ ಜಾಲರಿಗೆ ಜೋತು ಬೀಳತ್ತೆ, ಕಾಲ್ಬೆರಳು ಹೊರಗೆ ಚಾಚಿದ್ರೆ ಹೊರಗಿರೋ ಬೆಕ್ಕಿಗೆ ಅಷ್ಟೇ ಸಾಕು. ಪುಕ್ಕನೂ ಉಳಿಸದೆ ಪೂರ್ತಿ ಮಾಯ ಆಗಿದ್ದು ಮಾತ್ರ ಸಾಮಾನ್ಯವಾಗಿ ಹಾವಿನ ಲಕ್ಷಣ, ಹೆಚ್ಚಿನಂಶ ಕೇರೆಹಾವು, ಅಷ್ಟೇನೂ ದೊಡ್ಡದಲ್ಲದ್ದು ಒಂದಿಂಚಿನ ಕಣ್ಣಲ್ಲಿ ಆರಾಮಾಗಿ ನುಸುಳತ್ತೆ.

ಹಾಗಾಗಿ ಮೊದಲು ಆ ಕೋಳಿ ಜಾಲರಿ ಕಿತ್ತುಹಾಕಿ. ಅದು ತೆಳು ತಂತಿ ಹೊಸೆದಿರೋದಷ್ಟೇ, ನಾಯಿ ಎಳೆದ್ರೆ ಬಿಚ್ಕೊಳತ್ತೆ. ಅರ್ಧ ಇಂಚಿನ ಜಿಐ ವೆಲ್ಡ್ ಮೆಶ್ (ಸತು ಲೇಪಿಸಿದ, ಬೆಸುಗೆ ಹಾಕಿದ ಕಬ್ಬಿಣದ ಜಾಲರಿ) ತಗೊಳ್ಳಿ, 16 ಇಲ್ಲಾ 18 ಗೇಜ್‌ದು (ನಂಬರ್ ಜಾಸ್ತಿ ಆದಷ್ಟೂ ತಂತಿ ಸಣ್ಣ, ಅಂಗಡೀಲಿ 22 ಗೇಜ್ ತೋರ್ಸಿ ಇದೇ ಗಟ್ಟಿ ಅಂದ್ರೆ ನಂಬ್ಬೇಡಿ). ಎರಡಿಂಚಿನ ಚೌಕ ಪೈಪಿನ ಫ್ರೇಮ್ ಮಾಡ್ಸಿ ಅದರ ಒಳಗಡೆ ಒಂದು ಪದರ, ಹೊರಗಡೆ ಒಂದು ಪದರ ಮೆಶ್ ಹೊಡೆಸಿ, ಮೇಲ್ಗಡೆ ತೆರೆದಿರೋ ಭಾಗಕ್ಕೂ ಹಾಗೇ. ಖರ್ಚು ಡಬಲ್ ಆಗತ್ತೆ ನಿಜ, ಆದ್ರೆ ನಡುವೆ ಎರಡಿಂಚು ಜಾಗ ಸಿಗೋದ್ರಿಂದ ಉಗುರಿಗೆ ಕಾಲು ಸಿಗಲ್ಲ, ನನ್ನ ಕೇಳಿದ್ರೆ ಗೂಡಿನ ಸೈಜ್ ಸ್ವಲ್ಪ ಕಮ್ಮಿ ಮಾಡಿಯಾದ್ರೂ ಇದನ್ನ ಬಿಡ್ಬೇಡಿ. ಕೆಳಗಿನ 3 ಅಡಿಗೆ ಹೊರ ಪದರ ಕಾಲಿಂಚಿನ ಕಣ್ಣಿಂದು ಇರ್ಲಿ, ಹಾವಿನ ಮರಿಗೆ ಅರ್ಧ ಇಂಚೂ ಬಾಗಿಲೇ. ಪ್ಲಾಸ್ಟಿಕ್ ನೆಟ್ ಮಾತ್ರ ಬೇಡ್ವೇ ಬೇಡ, ಇಲಿ ಕಡಿಯತ್ತೆ, ಹಾವು ಸಿಕ್ಕಾಕ್ಕೊಂಡು ಒದ್ದಾಡಿ ಸಾಯತ್ತೆ.

ಹೊಸ ಜಿಐ ಮೆಶ್ ತಂದ ದಿನವೇ ಹಕ್ಕಿ ಬಿಡ್ಬೇಡಿ. ಅದ್ರ ಮೇಲಿರೋ ಸತುವಿನ ಪುಡಿ, ಗಂಟು ಎಲ್ಲ ಬಡ್ಜಿ ಕೊಕ್ಕಿಗೆ ಸಿಕ್ಕಿದ್ರೆ ವಿಷ. ವಿನೆಗರ್ ಹಾಕಿ ಬ್ರಶ್ಶಿಂದ ಉಜ್ಜಿ ತೊಳೆದು, ಕೆಲವು ವಾರ ಬಿಸಿಲು ಮಳೆಗೆ ಬಿಡಿ.

ನೆಲದ ವಿಷಯ. ಹೆಗ್ಗಣ, ಮುಂಗುಸಿ, ನಾಯಿ ಮೂರೂ ಗೋಡೆ ಬುಡದಲ್ಲೇ ತೋಡೋದು, ಮೆಶ್ ಹೂತ್ರೆ ನಿಮ್ಮೂರಿನ ಮಳೆಗೆ ಬೇಗ ತುಕ್ಕು ಹಿಡಿಯತ್ತೆ, ಅದಕ್ಕೆ ಕಾಂಕ್ರೀಟ್ ನೆಲ ಹಾಕಿ ಸುತ್ತ ಚಿರೆಕಲ್ಲು ಎರಡು ವರಸೆ ಕಟ್ಟಿ ಅದರ ಮೇಲೆ ಫ್ರೇಮ್ ಕೂರ್ಸಿ. ನೀರು ಹೋಗೋಕೆ ಪೈಪ್ ಇಡ್ತೀರಲ್ಲ, ಆ ಪೈಪ್ ಬಾಯಿಗೂ ಮೆಶ್ ಕಟ್ಟಿ, ಎಷ್ಟೋ ಜನ ಎಲ್ಲಾ ಮಾಡಿ ಇದೊಂದೇ ಮರೀತಾರೆ. ಬಾಗಿಲು ಎರಡಿರ್ಬೇಕು, ನಡುವೆ ಒಬ್ರು ನಿಲ್ಲೋಷ್ಟು ಜಾಗ, ಒಂದು ಹಾಕಿದ ಮೇಲೇ ಇನ್ನೊಂದು ತೆಗಿಯೋದು. ಬರೀ ಚಿಲಕ ಸಾಕಾಗಲ್ಲ, ಮಂಗ ತೆಗೆಯತ್ತೆ, ಬೀಗ ಹಾಕಿ. ಗೂಡಿನ ಮೇಲೆ ಬಗ್ಗಿರೋ ಕೊಂಬೆ ಇದ್ರೆ ಕಡೀರಿ.

ಆದ್ರೆ ನಾನು ಜಾಸ್ತಿ ಒತ್ತಿ ಹೇಳೋದು ರಾತ್ರಿ ವ್ಯವಸ್ಥೆ ಬಗ್ಗೆ. ಗೂಡಿನ ಪಶ್ಚಿಮದ ಕಡೆ, ಅಂದ್ರೆ ಮಳೆಗಾಲದ ಗಾಳಿ ಹೊಡೆಯೋ ಕಡೆ, ಮೂರು ಬದಿ ಹಲಗೆ, ಮೇಲ್ಗಡೆ ಶೀಟ್ ಇರೋ ಒಂದು ಮಲಗೋ ಕೋಣೆ ಮಾಡಿ, ಮುಂಭಾಗಕ್ಕೆ ರಾತ್ರಿ ಮುಚ್ಚೋಕೆ ಒಂದು ಬಾಗಿಲು. ಹಕ್ಕಿ ಮಲಗೋದು ಇರೋದ್ರಲ್ಲೇ ಎತ್ತರದ ಜಾಗದಲ್ಲಿ, ಹಾಗಾಗಿ ಗೂಡಲ್ಲೇ ಅತಿ ಎತ್ತರದ ಕೋಲು ಈ ಕೋಣೇಲಿರ್ಲಿ, ಸಂಜೆ ತಾವಾಗೇ ಬಂದು ಕೂರ್ತವೆ. ಕಾಕಟೀಲ್ ಕತ್ತಲಲ್ಲಿ ಸಣ್ಣ ಸದ್ದಿಗೂ ಹೆದರಿ ಗೋಡೆಗೆ ಬಡ್ಕೊಳೋ ಜಾತಿ, ಒಂದು ಝೀರೋ ಬಲ್ಬ್ ಹಾಕಿಡಿ.

ಇನ್ನು ಹಾವು ಬಂದಿದ್ದಕ್ಕೆ ಕಾರಣ ಬಹುಶಃ ಹಕ್ಕಿನೇ ಅಲ್ಲ. ಚೆಲ್ಲಿದ ನವಣೆಗೆ ಇಲಿ ಬರತ್ತೆ, ಇಲಿ ಹಿಂದೆ ಹಾವು. ಸಂಜೆ ಕಾಳಿನ ಬಟ್ಟಲು ತೆಗೆದು ನೆಲ ಗುಡಿಸಿ. ಇಲಿ ಪಾಷಾಣ ಇಡ್ಬೇಡಿ, ನಿಮ್ಮನೆ ಬೆಕ್ಕು, ಊರಿನ ಗೂಬೆ ಎಲ್ಲಕ್ಕೂ ಅದೇ ಪಾಷಾಣ ಹೋಗತ್ತೆ. ಬೇಲಿಗೆ ಕರೆಂಟ್ ಕೊಡೋ ಯೋಚನೆ ಯಾರಾದ್ರೂ ಹೇಳಿದ್ರೆ ಕಿವಿಗೆ ಹಾಕ್ಕೋಬೇಡಿ, ಮೊದ್ಲು ಸಾಯೋದು ಮನುಷ್ಯರು.

ಗಿಣಿ ಮರೀನ ಈ ಗೂಡಲ್ಲಿ ಬಿಡೋ ಹಾಗಿಲ್ಲ. ನಮ್ಮ ಕಾಡಿನ ಗಿಳಿ, ಮುನಿಯ ಅನ್ನೋ ಪುಟ್ಟ ಹಕ್ಕಿ ಇವನ್ನ ಮನೇಲಿ ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಪ್ರೀತಿಯಿಂದ ಸಾಕಿದ್ರೂ ಅಷ್ಟೇ. ಅರಣ್ಯ ಇಲಾಖೆ ಆಫೀಸಿಗೆ ಫೋನ್ ಮಾಡಿ ಇವತ್ತೇ ಒಪ್ಪಿಸಿ. ಬಡ್ಜಿ, ಕಾಕಟೀಲ್ ಎರಡೂ ಆಸ್ಟ್ರೇಲಿಯಾ ಮೂಲದವು, ಅವಕ್ಕೆ ಈ ಅಡ್ಡಿ ಇಲ್ಲ. ಗೂಡು ಮುಗಿಯೋವರೆಗೆ ಉಳಿದ ಹಕ್ಕಿಗಳನ್ನ ರಾತ್ರಿ ಮನೆ ಒಳಗೇ ಇಟ್ಕೊಳ್ಳಿ.