ಗರ್ಭಿಣಿ ಅಂತ ಗೊತ್ತಾದ ದಿನವೇ ಮಾತ್ರೆ ನಿಲ್ಲಿಸಿದಾಗ

ಇದೇ ಕಥೆ ಬೇರೆ ಬೇರೆಯವರ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಗರ್ಭಿಣಿ ಅಂತ ಗೊತ್ತಾಗುತ್ತದೆ, ಅವತ್ತೇ ಮಾನಸಿಕ ಕಾಯಿಲೆಯ ಮಾತ್ರೆ ಬಂದ್. ಡಾಕ್ಟರನ್ನು ಕೇಳುವುದೂ ಇಲ್ಲ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಹಾಗೆ ಬಂದ ಒಬ್ಬ ಗರ್ಭಿಣಿಗೆ ಸ್ಕಿಜೋಫ್ರೀನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಕಾಡುವ ಮಾನಸಿಕ ಕಾಯಿಲೆ. ಅದಕ್ಕೆ ಕೊಡುವ ಆಂಟಿಸೈಕೋಟಿಕ್ ಗುಂಪಿನ ಮಾತ್ರೆ ಓಲಾಂಜಪಿನ್ ತಗೊಳ್ತಾ ಚೆನ್ನಾಗಿಯೇ ಇದ್ದರು. ನನ್ನ ಹತ್ತಿರ ಬಂದಾಗ ಮಾತ್ರೆ ಬಿಟ್ಟು ಎರಡು ವಾರ ಆಗಿತ್ತು, ನಿದ್ದೆ ಕೆಡುತ್ತಿತ್ತು. ಜೊತೆಗಿದ್ದ ಗಂಡ, "ಮಗು ಆಗೋವರೆಗೂ ತಡ್ಕೊಂಡ್ರೆ ಆಯ್ತಲ್ವಾ ಮೇಡಂ?" ಅಂದರು. ಕೆಟ್ಟ ಮನುಷ್ಯರಲ್ಲ, ಹೆದರಿದ್ದರು ಅಷ್ಟೇ.

ಅವರಿಗೆ ಉತ್ತರ ಕೊಡುವ ಬದಲು ನಾನು ಆಕೆಯನ್ನೇ ಕೇಳಿದೆ: ಹೋದ ಸಲ ಕಾಯಿಲೆ ಜಾಸ್ತಿಯಾದಾಗ ಏನಾಗ್ತಿತ್ತು?

"ನೀರಲ್ಲಿ ಯಾರೋ ವಿಷ ಹಾಕಿದ್ದಾರೆ ಅನ್ಸೋದು. ಲೋಟ ಮೂಸಿ ನೋಡಿ ಚೆಲ್ಲಿಬಿಡ್ತಿದ್ದೆ. ಊಟಾನೂ ಬಿಟ್ಟಿದ್ದೆ." ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಗಂಡನ ಕಡೆ ತಿರುಗಿ, "ಈಗ ಹಾಗಾದ್ರೆ ಹೊಟ್ಟೇಲಿರೋದಕ್ಕೆ ಯಾರು ಊಟ ಹಾಕ್ತಾರೆ ರೀ?" ಅಂದರು.

ಗಂಡನಿಗೆ ಮಾತೇ ಹೊರಡಲಿಲ್ಲ. ಅಲ್ಲಿಯವರೆಗೆ ಇಬ್ಬರೂ ಲೆಕ್ಕ ಹಾಕುತ್ತಿದ್ದದ್ದು ಮಾತ್ರೆಯಿಂದ ಬರುವ ಅಪಾಯವನ್ನು ಮಾತ್ರ. ಕಾಯಿಲೆ ಮರುಕಳಿಸಿದರೆ ಊಟ, ನಿದ್ದೆ, ತಪಾಸಣೆ ಎಲ್ಲವೂ ತಪ್ಪುತ್ತದೆ, ಜೀವಕ್ಕೇ ಅಪಾಯ ಆಗಬಹುದು, ಅದೂ ಮಗುವಿಗೆ ತಟ್ಟುವ ವಿಷಯವೇ ಅಲ್ವಾ?

ಅಮೆರಿಕದಲ್ಲಿ 13 ಲಕ್ಷಕ್ಕೂ ಹೆಚ್ಚು ಗರ್ಭಧಾರಣೆಗಳ ದಾಖಲೆ ನೋಡಿದ 2016ರ ಅಧ್ಯಯನವೊಂದರಲ್ಲಿ, ಆಂಟಿಸೈಕೋಟಿಕ್ ಗುಂಪಿನ ಔಷಧಿಗಳಿಂದ ಹುಟ್ಟುದೋಷ ಹೇಳಿಕೊಳ್ಳುವಷ್ಟು ಜಾಸ್ತಿಯಾಗಿದ್ದು ಕಾಣಲಿಲ್ಲ. ಅದೇ ಗುಂಪಿನ ರಿಸ್ಪೆರಿಡೋನ್ ಬಗ್ಗೆ ಮಾತ್ರ ಸಣ್ಣ ಅನುಮಾನ ಉಳಿಯಿತು. ಹಾಗಂತ ಏನೂ ಆಗಲ್ಲ ಅಂತಲ್ಲ. ಓಲಾಂಜಪಿನ್‌ನಿಂದ ತೂಕ ಏರಬಹುದು, ಸಕ್ಕರೆ ಪರೀಕ್ಷೆ ತಪ್ಪಿಸಬಾರದು. ಕೊನೆಯ ತಿಂಗಳುಗಳಲ್ಲಿ ಮಾತ್ರೆ ತಗೊಂಡಿದ್ದರೆ ಹುಟ್ಟಿದ ಮಗುವಿಗೆ ಕೆಲವು ದಿನ ನಡುಕ, ಕೈಕಾಲು ಬಿಗಿಯುವುದು, ಹಾಲು ಚೀಪಲು ಕಷ್ಟ ಕಾಣಿಸಬಹುದು. ಅದಕ್ಕೇ ಹೆರಿಗೆ ಮಾಡಿಸುವವರಿಗೆ ಮೊದಲೇ ಗೊತ್ತಿರಬೇಕು, ಮುಚ್ಚಿಡಬಾರದು.

ನಾನು ಮಾತ್ರೆಯ ಪರ ಅಂತ ಕೆಲವರು ದೂರುತ್ತಾರೆ. ಮಾತ್ರೆ ನುಂಗಿ ಅಂತ ನಾನು ಹೇಳಲೇ ಇಲ್ಲ, ಅದು ನನ್ನ ಕೆಲಸವೂ ಅಲ್ಲ. ನಾನು ಹೇಳಿದ್ದು, ನಾಳೆಯೇ ಮನೋವೈದ್ಯರನ್ನು ನೋಡಿ, ಅವರೂ ಹೆರಿಗೆ ಡಾಕ್ಟರೂ ಒಬ್ಬರಿಗೊಬ್ಬರು ಮಾತಾಡಲಿ, ತೀರ್ಮಾನ ನಿಮ್ಮದಾಗಿರಲಿ ಅಂತ. ಎಲ್ಲ ಮಾತ್ರೆಗೂ ಒಂದೇ ಉತ್ತರ ಇಲ್ಲ. ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊಯ್ದಾಡುವ ಬೈಪೋಲಾರ್ ಕಾಯಿಲೆಗೆ ಕೊಡುವ ವ್ಯಾಲ್ಪ್ರೊಯೇಟ್ ಈ ಗುಂಪಿಗೆ ಸೇರಿದ್ದಲ್ಲ, ಅದು ಮಗುವಿಗೆ ನಿಜಕ್ಕೂ ಹಾನಿ ಮಾಡುತ್ತದೆ, ಅದರ ಮಾತು ಗರ್ಭ ಧರಿಸುವ ಮೊದಲೇ ಆಗಬೇಕು.

ಡಾಕ್ಟರು ಆಕೆಗೆ ಹಳೆಯ ಮಾತ್ರೆಯನ್ನೇ ಮತ್ತೆ ಶುರು ಮಾಡಿದರು. ಎದೆಹಾಲಿನ ಪ್ರಶ್ನೆ ಆಮೇಲೆ ಬಂತು. ಓಲಾಂಜಪಿನ್, ಅದೇ ಗುಂಪಿನ ಕ್ವೆಟಿಯಾಪಿನ್ ಹಾಲಿಗೆ ಸೇರುವುದು ಕಡಿಮೆ, ಸಾಮಾನ್ಯವಾಗಿ ಹಾಲೂಡಿಸಬಹುದು. ಮಗು ವಿಪರೀತ ಮಂಪರಾಗಿದ್ದರೆ, ಸರಿಯಾಗಿ ಚೀಪದಿದ್ದರೆ ಕೂಡಲೇ ತೋರಿಸಬೇಕು. ಇದೇ ಗುಂಪಿನ ಕ್ಲೋಜಪಿನ್ ತಗೊಳ್ಳುವವರಿಗೆ ಮಾತ್ರ ಸಾಮಾನ್ಯವಾಗಿ ಹಾಲೂಡಿಸುವುದು ಬೇಡ ಅನ್ನುತ್ತಾರೆ.

ಹೆರಿಗೆಯಾದ ಮೊದಲ ವಾರಗಳಲ್ಲಿ ಕಾಯಿಲೆ ತಿರುಗಿ ಬರುವ ಭಯ ಜಾಸ್ತಿ, ನಿದ್ದೆಗೆಟ್ಟರೆ ಇನ್ನೂ ಜಾಸ್ತಿ. ಹಾಗಾಗಿ ರಾತ್ರಿ ಒಂದು ಸಲ ತೆಗೆದಿಟ್ಟ ಹಾಲು ಕುಡಿಸುವುದು ಗಂಡನ ಪಾಲು, ಮಾತ್ರೆಯ ಮಂಪರು ಇರುವಾಗ ಮಗು ಅದೇ ಹಾಸಿಗೆಯಲ್ಲಿ ಮಲಗಬಾರದು ಅಂತ ಏಳನೇ ತಿಂಗಳಲ್ಲೇ ಕೂತು ಮಾತಾಡಿ ಬರೆದಿಟ್ಟುಕೊಂಡರು.